ನೀಲಿ ಫಲಕ, ನಿಧಾನದ ಮಾತ್ರೆ

ಮಕ್ಕಳೇ, ಮಳೆ ನಿಂತ ಮೇಲೆ ಪೀಣ್ಯದಲ್ಲಿ ಲಾರಿಗಳು ನಿಲ್ಲುವ ಜಾಗವನ್ನು ಗಮನಿಸಿದ್ದೀರಾ? ನಿಂತ ನೀರಿನ ಮೇಲೆ ಒಂದು ತೊಟ್ಟು ಡೀಸೆಲ್ ಬಿದ್ದರೆ ಸಾಕು, ಅದು ಹರಡಿಕೊಂಡು ಕಾಮನಬಿಲ್ಲಿನ ಬಣ್ಣಗಳನ್ನು ತೋರಿಸುತ್ತದೆ. ಡೀಸೆಲ್‌ಗೆ ಆ ಬಣ್ಣಗಳಿಲ್ಲ. ನೀರಿಗೂ ಇಲ್ಲ. ಹಾಗಾದರೆ ಬಣ್ಣ ಬಂದದ್ದು ಎಲ್ಲಿಂದ?

ಪದರದ ದಪ್ಪದಿಂದ! ಬೆಳಕು ಎಣ್ಣೆಪದರದ ಮೇಲೆ ಬಿದ್ದಾಗ ಸ್ವಲ್ಪ ಭಾಗ ಮೇಲಿನಿಂದಲೇ ಹಿಂದಿರುಗುತ್ತದೆ. ಉಳಿದದ್ದರಲ್ಲಿ ಸ್ವಲ್ಪ, ಎಣ್ಣೆ ಮುಗಿದು ನೀರು ಶುರುವಾಗುವ ಕಡೆಯಿಂದ ಹಿಂದಿರುಗುತ್ತದೆ. ಹೀಗೆ ಎರಡು ಅಲೆಗಳು ಒಟ್ಟಿಗೆ ನಮ್ಮ ಕಣ್ಣಿಗೆ ಬರುತ್ತವೆ. ಕೆರೆಗೆ ಎರಡು ಕಲ್ಲು ಎಸೆದಾಗ ಏನಾಗುತ್ತದೆ? ಒಂದು ಅಲೆಯ ಉಬ್ಬು ಇನ್ನೊಂದರ ಉಬ್ಬನ್ನು ಸೇರಿದಲ್ಲಿ ನೀರು ಇನ್ನೂ ಮೇಲೇಳುತ್ತದೆ. ಉಬ್ಬು ತಗ್ಗನ್ನು ಸೇರಿದಲ್ಲಿ ನೀರು ಸುಮ್ಮನಾಗುತ್ತದೆ. ಬೆಳಕಿನ ಅಲೆಗಳೂ ಹೀಗೆಯೇ. ಪದರ ಎಷ್ಟು ದಪ್ಪ ಎಂಬುದನ್ನು ನೋಡಿಕೊಂಡು ಒಂದು ಬಣ್ಣ ಹೆಚ್ಚುತ್ತದೆ, ಇನ್ನೊಂದು ಅಳಿಯುತ್ತದೆ.

ಈಗ ಮನೆಗಳ ಮೇಲೆ, ಬೀದಿ ದೀಪದ ಕಂಬದ ಮೇಲೆ ಇರುವ ಸೋಲಾರ್ ಫಲಕಗಳನ್ನು ನೆನಪಿಸಿಕೊಳ್ಳಿ. ಬಹಳಷ್ಟು ಫಲಕಗಳು ನೀಲಿ. ಅದಕ್ಕೆ ಯಾರೂ ನೀಲಿ ಬಣ್ಣ ಬಳಿದಿಲ್ಲ. ಫಲಕದೊಳಗಿನ ಕೋಶಗಳು ಸಿಲಿಕಾನ್ ಎಂಬ ಅರೆವಾಹಕದಿಂದ ಆದವು. ಬರಿಯ ಸಿಲಿಕಾನ್ ಬೂದು ಬಣ್ಣದ ಹೊಳೆಯುವ ಬಿಲ್ಲೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 30ಕ್ಕಿಂತ ಹೆಚ್ಚನ್ನು ಅದು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ವಿದ್ಯುತ್ ಆಗಬೇಕಾದ ಬೆಳಕು ಹೀಗೆ ಹಿಂದಕ್ಕೆ ಹೋದರೆ ನಷ್ಟವಲ್ಲವೇ?

ಅದಕ್ಕಾಗಿ ಬಿಲ್ಲೆಯ ಮೇಲೆ ಸಿಲಿಕಾನ್ ನೈಟ್ರೈಡ್ ಎಂಬ ವಸ್ತುವಿನ ತೆಳುಪದರವನ್ನು ಕೂರಿಸುತ್ತಾರೆ. ಕುಂಚದಿಂದಲ್ಲ, ಅನಿಲಗಳಿಂದ. ಗಾಳಿ ತೆಗೆದ ಬಿಸಿ ಪೆಟ್ಟಿಗೆಯೊಳಗೆ ಸಿಲೇನ್ ಮತ್ತು ಅಮೋನಿಯಾ ಅನಿಲಗಳನ್ನು ಬಿಟ್ಟು ವಿದ್ಯುತ್ತಿನಿಂದ ಒಡೆದಾಗ, ಪರಮಾಣುಗಳು ಬಿಲ್ಲೆಯ ಮೇಲೆ ಇಬ್ಬನಿಯಂತೆ ಕೂಡುತ್ತವೆ. ಪದರದ ದಪ್ಪ ಸುಮಾರು 75ರಿಂದ 80 ನ್ಯಾನೋಮೀಟರ್. ನಿಮ್ಮ ತಲೆಗೂದಲೊಂದನ್ನು ಸಾವಿರ ಪದರಗಳಾಗಿ ಸೀಳಬಹುದಾದರೆ, ಅದರಲ್ಲಿ ಒಂದರಷ್ಟು! ಈ ದಪ್ಪದಲ್ಲಿ ಕಿತ್ತಳೆ, ಕೆಂಪು ಬೆಳಕಿನ ಹಿಂದಿರುಗುವ ಅಲೆಗಳು ಒಂದನ್ನೊಂದು ಅಳಿಸುತ್ತವೆ. ಆ ಬೆಳಕು ಸಿಲಿಕಾನ್‌ನೊಳಗೆ ಹೋಗುತ್ತದೆ. ಸ್ವಲ್ಪ ನೀಲಿ ಮಾತ್ರ ಹಿಂದಿರುಗುತ್ತದೆ. ಪದರ ಎರಡು ಪಟ್ಟು ದಪ್ಪವಾದರೆ ಕೋಶ ಹಳದಿಯಾಗಿ ಕಾಣುತ್ತದೆ. ನಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲೇ, 1989ರಲ್ಲಿ ಆರಂಭವಾದ ಟಾಟಾ ಬಿಪಿ ಸೋಲಾರ್ ಕಂಪನಿ ಇಂತಹ ಕೋಶಗಳನ್ನು ತಯಾರಿಸಿತು.

ಪೀಣ್ಯದ ಪ್ಲೇಟಿಂಗ್ ಶೆಡ್‌ಗಳಲ್ಲಿ ಕೆಲಸ ಮಾಡುವವರು ನಿಮ್ಮ ಮನೆಯಲ್ಲಿದ್ದರೆ "ಎಷ್ಟು ಮೈಕ್ರಾನ್?" ಎಂಬ ಮಾತು ಕೇಳಿರುತ್ತೀರಿ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅದರ ಸಾವಿರದಲ್ಲೊಂದು ಭಾಗವೇ ನ್ಯಾನೋಮೀಟರ್.

ಪದರಗಳು ಬೆಳಕನ್ನಷ್ಟೇ ಅಲ್ಲ, ಔಷಧವನ್ನೂ ಹಿಡಿತದಲ್ಲಿಡುತ್ತವೆ. ಮನೆಯಲ್ಲಿ ಅಜ್ಜಿಗೋ ತಾತನಿಗೋ ಸಕ್ಕರೆ ಕಾಯಿಲೆ ಇದ್ದರೆ ಮಾತ್ರೆಯ ಸ್ಟ್ರಿಪ್ ನೋಡಿ. ಹೆಸರಿನ ಕೊನೆಯಲ್ಲಿ ಎಸ್.ಆರ್. ಅಥವಾ ಇ.ಆರ್. ಎಂಬ ಇಂಗ್ಲಿಷ್ ಅಕ್ಷರಗಳಿರಬಹುದು. ಔಷಧವನ್ನು ನಿಧಾನವಾಗಿ, ಹಲವು ಗಂಟೆಗಳ ಕಾಲ ಬಿಡುವ ಮಾತ್ರೆ ಎಂದು ಅದರ ಅರ್ಥ. ಕಾಮಕಸ್ತೂರಿ ಬೀಜ ನೀರಿನಲ್ಲಿ ಉಬ್ಬಿ ಲೋಳೆ ಕಟ್ಟಿಕೊಳ್ಳುವುದನ್ನು ಕಂಡಿದ್ದೀರಲ್ಲ? ಇಂತಹ ಅನೇಕ ಮಾತ್ರೆಗಳಲ್ಲಿ ಸಸ್ಯಗಳ ಸೆಲ್ಯುಲೋಸ್‌ನಿಂದ ಮಾಡಿದ ಒಂದು ಪುಡಿ ಇರುತ್ತದೆ. ಹೊಟ್ಟೆಯ ನೀರು ತಗಲಿದೊಡನೆ ಅದು ಹಾಗೆಯೇ ಲೋಳೆಯಾಗಿ ಉಬ್ಬುತ್ತದೆ. ಔಷಧ ಆ ಲೋಳೆಯನ್ನು ದಾಟಿ ಸ್ವಲ್ಪ ಸ್ವಲ್ಪವಾಗಿ ಹೊರಬರಬೇಕು.

ನುಂಗಲು ಕಷ್ಟವೆಂದು ಕೆಲವರು ಇಂತಹ ಮಾತ್ರೆಯನ್ನು ಕುಟ್ಟಿ ಪುಡಿಮಾಡಿ ಕೊಡುತ್ತಾರೆ. ಆಗ ಇಡೀ ದಿನ ನಿಧಾನವಾಗಿ ಬರಬೇಕಿದ್ದ ಔಷಧ ಒಂದೇ ಸಲಕ್ಕೆ ಮೈಗೆ ಸೇರುತ್ತದೆ. ಇದು ಅಪಾಯಕಾರಿ. ಮನೆಯಲ್ಲಿ ಯಾರಾದರೂ ಹಾಗೆ ಮಾಡುತ್ತಿದ್ದರೆ, ಮೊದಲು ಡಾಕ್ಟರನ್ನೋ ಔಷಧಿ ಅಂಗಡಿಯವರನ್ನೋ ಕೇಳಲು ಹೇಳಿ. ನೀವಾಗಿಯೇ ಮಾತ್ರೆಗಳನ್ನು ಮುಟ್ಟಬೇಡಿ.

ಪೀಣ್ಯದಿಂದ ನಗರದ ಕಡೆಗೆ ಬಂದರೆ ಯಶವಂತಪುರದ ಆಚೆ, 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತೇವಲ್ಲ, ಅದೇ. ಅಲ್ಲಿನ ಪ್ರೊ. ಅಶೋಕ್ ರಾಯಚೂರ್ ಅವರ ತಂಡ ಔಷಧ ಹೊರುವ ಅತಿ ಸಣ್ಣ ಪೊಳ್ಳು ಗುಳಿಗೆಗಳ ಬಗ್ಗೆ ಸಂಶೋಧನೆ ನಡೆಸಿದೆ. ವಿಧಾನ ಸೊಗಸಾಗಿದೆ. ಸಣ್ಣ ಮಣಿಯೊಂದಕ್ಕೆ ಧನ ವಿದ್ಯುದಂಶವಿರುವ ಪದರ, ಅದರ ಮೇಲೆ ಋಣ ವಿದ್ಯುದಂಶದ ಪದರ, ಮತ್ತೆ ಧನ, ಮತ್ತೆ ಋಣ. ಒಂದನ್ನೊಂದು ಸೆಳೆಯುವುದರಿಂದ ಅಂಟು ಬೇಕಿಲ್ಲ. ಕೊನೆಗೆ ಒಳಗಿನ ಮಣಿಯನ್ನು ಕರಗಿಸಿದರೆ ಪದರಗಳ ಗೋಡೆ ಮಾತ್ರ ಉಳಿಯುತ್ತದೆ. ಔಷಧ ಎಷ್ಟು ಬೇಗ ಹೊರಬರಬೇಕು ಎಂಬುದನ್ನು ಗೋಡೆಯ ಪದರಗಳಿಂದ ಹೊಂದಿಸಬಹುದು.

ಮಾಡಿ ನೋಡಿ: ಒಂದೇ ಗಾತ್ರದ ಮೂರು ಕಲ್ಲುಸಕ್ಕರೆ ತುಂಡು ತೆಗೆದುಕೊಳ್ಳಿ. ಒಂದನ್ನು ಹಾಗೆಯೇ ಇಡಿ, ಒಂದಕ್ಕೆ ಸುತ್ತಲೂ ತುಪ್ಪ ಸವರಿ, ಒಂದನ್ನು ಪುಡಿಮಾಡಿ. ಮೂರು ಲೋಟಗಳಲ್ಲಿ ಸಮನಾಗಿ ತಣ್ಣೀರು ತುಂಬಿ ಒಂದೊಂದನ್ನು ಹಾಕಿ. ಕಲಕಬೇಡಿ. ಯಾವುದು ಎಷ್ಟು ನಿಮಿಷಕ್ಕೆ ಕರಗಿತು ಎಂದು ಬರೆದಿಡಿ. ತುಪ್ಪವನ್ನು ದಪ್ಪವಾಗಿ ಸವರಿ ಇನ್ನೊಮ್ಮೆ ಮಾಡಿ.

ಯೋಚಿಸಿ: ಸೋಪಿನ ಗುಳ್ಳೆ ಒಡೆಯುವ ಮುನ್ನ ಅದರ ನೆತ್ತಿಯ ಬಣ್ಣಗಳೆಲ್ಲ ಮಾಯವಾಗಿ ಕಪ್ಪಾಗಿ ಕಾಣುತ್ತದೆ. ಏಕಿರಬಹುದು? ಗುಳ್ಳೆಯ ಪದರದಲ್ಲಿರುವ ನೀರು ಯಾವ ಕಡೆಗೆ ಜಾರುತ್ತದೆ ಎಂಬುದರಿಂದ ಶುರುಮಾಡಿ.