ಕೀ ಒತ್ತುವ ಮುನ್ನ: ತುಮಕೂರು, ಗುಬ್ಬಿ, ಕುಣಿಗಲ್ಲಿನ ಹ್ಯಾಮ್‌ಗಳಿಗೆ

ಮನೆಯಲ್ಲೇ ರೇಡಿಯೊ ಸ್ಟೇಷನ್ ಇಟ್ಟುಕೊಂಡು ಮೋರ್ಸ್‌ನಲ್ಲಿ ಮಾತಾಡಲು ಹೊರಟವರಿಗೆ ಈ ಸೂಚನೆ. ಸರ್ಕಾರ ಟೆಲಿಗ್ರಾಂ ಸೇವೆಯನ್ನೇ 2013ರ ಜುಲೈನಲ್ಲಿ ನಿಲ್ಲಿಸಿತು. ಹ್ಯಾಮ್ ಪರೀಕ್ಷೆ ಮಾತ್ರ ಮೋರ್ಸನ್ನು ಬಿಟ್ಟಿಲ್ಲ; ಜನರಲ್ ದರ್ಜೆ ಬೇಕೆಂದರೆ ನಿಮಿಷಕ್ಕೆ 8 ಪದ ಬರಲೇಬೇಕು.

ಮಾಡಬೇಕಾದ್ದು

ಮೊದಲು ಲೈಸೆನ್ಸ್. 12 ವರ್ಷ ತುಂಬಿದ ಯಾರಾದರೂ ಪರೀಕ್ಷೆಗೆ ಕೂರಬಹುದು. ಲೈಸೆನ್ಸ್ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ತರಬೇತಿ ಬೇಕಿದ್ದರೆ ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದೆ. ಕಾಲ್‌ಸೈನ್ ಕೈಗೆ ಬರುವವರೆಗೆ ಬಜರ್ ಇಟ್ಟುಕೊಂಡು ಅಭ್ಯಾಸ ಮಾಡಿ, ಯಾರ ಅಪ್ಪಣೆಯೂ ಬೇಡ. (ಮನೆಯವರದು ಬೇಕಾದೀತು.) ಗುಬ್ಬಿಯಿಂದ ತುಮಕೂರಿಗೆ ಮನೆ ಬದಲಾಯಿಸಿದರೆ ಲೈಸೆನ್ಸಿನ ವಿಳಾಸವನ್ನೂ ಬದಲಾಯಿಸಿಕೊಳ್ಳಿ.

ಅಕ್ಷರಗಳನ್ನು ಕಿವಿಯಿಂದ ಕಲಿಯಿರಿ. ‘ಕೆ’ ಅಂದರೆ ಗೆರೆ-ಚುಕ್ಕೆ-ಗೆರೆ ಅಲ್ಲ, ಡಾ-ಡಿ-ಡಾ. ಒಂದು ‘ಡಾ’ ಮೂರು ‘ಡಿ’ಯಷ್ಟು ಉದ್ದ, ಅಕ್ಷರ ಅಕ್ಷರಗಳ ನಡುವೆ ಮೂರು ‘ಡಿ’ಯ ಬಿಡುವು, ಪದ ಪದಗಳ ನಡುವೆ ಏಳು. ಹೊಸಬರು ಎಡವುವುದು ಈ ಬಿಡುವಿನಲ್ಲೇ. ವೇಗ ತಾನಾಗಿ ಬರುತ್ತದೆ, ತಾಳ ಕೆಟ್ಟರೆ ಮಾತ್ರ ಎಷ್ಟು ವರ್ಷವಾದರೂ ಸರಿಹೋಗುವುದಿಲ್ಲ.

ಆಂಟೆನಾ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು, ತೆಂಗಿನ ಮರಗಳಿವೆ. 7 ಮೆಗಾಹರ್ಟ್ಸ್ ಡೈಪೋಲ್‌ಗೆ ಸುಮಾರು 20 ಮೀಟರ್, ಅಂದರೆ 66 ಅಡಿ ತಂತಿ ಸಾಕು. ಮೂವತ್ತಡಿಗೊಂದು ಮರವಿರುವ ಸಾಲಿನಲ್ಲಿ ಮೊದಲನೆಯದರಿಂದ ನಾಲ್ಕನೆಯದಕ್ಕೆ 90 ಅಡಿ; ಎರಡೂ ತುದಿಗೆ ಇನ್ಸುಲೇಟರ್ ಹಾಕಿ, ಮಿಕ್ಕ ದೂರಕ್ಕೆ ನೈಲಾನ್ ಹಗ್ಗ ಕಟ್ಟಿ. ಬಿಗಿಯಾಗಿ ಎಳೆಯಬೇಡಿ, ಗಾಳಿಗೆ ಮರ ತೂಗಿದಾಗ ತಂತಿ ಹರಿಯುತ್ತದೆ. ಒಂದು ಕಡೆಯ ಹಗ್ಗ ರಾಟೆಯ ಮೇಲೆ ಹಾದು ತುದಿಯಲ್ಲಿ ಇಟ್ಟಿಗೆ ನೇತಾಡುತ್ತಿರಲಿ. ಕಾಯಿ ಕೀಳುವವರು ಬರುವ ದಿನ ಅವರಿಗೆ ಮೊದಲೇ ಹೇಳಿ. ಅವರು ಮರದ ಮೇಲಿರುವಾಗ ಕೀ ಮುಟ್ಟಲೇಬೇಡಿ. ಪ್ರಸಾರದ ಹೊತ್ತಿನಲ್ಲಿ ಡೈಪೋಲಿನ ತುದಿಗಳಲ್ಲೇ ಹೆಚ್ಚು ವೋಲ್ಟೇಜ್, ಕೈ ತಾಗಿದರೆ ಸುಡುತ್ತದೆ.

ಗುಡುಗು ಕೇಳುವ ಮೊದಲೇ ಕೋಆಕ್ಸ್ ಕೇಬಲ್ ಬಿಚ್ಚಿ ಕಿಟಕಿಯಾಚೆ ಹಾಕಿ, ಪವರ್ ಸಪ್ಲೈ ಪ್ಲಗ್ಗನ್ನೂ ಕಿತ್ತಿಡಿ. ಒಂದು ಏಪ್ರಿಲ್ ಸಂಜೆ ‘ದೂರದ ಮಿಂಚು, ಇನ್ನೊಂದು ಸ್ಟೇಷನ್ ಮುಗಿಸೋಣ’ ಅಂದುಕೊಂಡು ಕೂತಿದ್ದೆ. ಸಿಡಿಲು ಬಡಿದದ್ದು ಪಕ್ಕದ ತೋಟದ ಮರಕ್ಕೆ, ಸುಟ್ಟದ್ದು ನನ್ನ ರಿಸೀವರ್.

ಕರೆಯುವ ಮುನ್ನ ಎರಡು ನಿಮಿಷ ಕೇಳಿಸಿಕೊಳ್ಳಿ, ಆಮೇಲೆ ‘ಕ್ಯೂಆರ್‌ಎಲ್?’ (ಈ ಫ್ರೀಕ್ವೆನ್ಸಿ ಬಳಕೆಯಲ್ಲಿದೆಯೇ?) ಅಂತ ಎರಡು ಸಲ ಕೇಳಿ. ಒಬ್ಬರ ಸದ್ದು ಮಾತ್ರ ನಿಮಗೆ ಕೇಳಿಸದೆ ಇರಬಹುದು, ಇನ್ನೊಬ್ಬರು ಅವರ ಜೊತೆ ಮಾತಾಡುತ್ತಲೇ ಇರಬಹುದು. ಎದುರಿನವರ ವೇಗಕ್ಕಿಂತ ಜಾಸ್ತಿ ಹೋಗಬೇಡಿ. ಅವರು ‘ಕ್ಯೂಆರ್‌ಎಸ್’ ಅಂದರೆ ನಿಧಾನಿಸಿ, ಬೇಸರ ತೋರಿಸಬೇಡಿ. ಲಾಗ್ ಪುಸ್ತಕ ಅಂದಂದೇ ಬರೆಯಿರಿ.

ಮಾಡಬಾರದ್ದು

ವಿದ್ಯುತ್ ಲೈನಿನ ಮೇಲಾಗಲಿ ಕೆಳಗಾಗಲಿ ತಂತಿ ಹಾಯಿಸಬಾರದು. ಪಂಪ್‌ಸೆಟ್ಟಿಗೆ ಬರುವ ಲೈನಾದರೂ ಸರಿ, 11 ಕೆವಿ ಆದರಂತೂ ಅದರ ಹತ್ತಿರವೂ ಬೇಡ. ಇದರಲ್ಲಿ ‘ನೋಡಿಕೊಂಡು ಮಾಡುತ್ತೇನೆ’ ಅನ್ನುವ ಮಾತಿಲ್ಲ.

ವ್ಯಾಪಾರದ ಮಾತು ಕಳಿಸಬಾರದು. ತಿಪಟೂರಿನ ಕೊಬ್ಬರಿ ರೇಟನ್ನು ಕುಣಿಗಲ್ಲಿನ ಭಾವನಿಗೆ ಮೋರ್ಸ್‌ನಲ್ಲಿ ಮುಟ್ಟಿಸುವ ಜಾಣತನ ಬೇಡ, ಅದಕ್ಕೆ ಫೋನ್ ಇದೆ. ಹಾಡು, ಸುದ್ದಿ ಪ್ರಸಾರವೂ ಇಲ್ಲ. ಗುಟ್ಟಿನ ಸಂಕೇತ ಬಳಸಬಾರದು. ಕ್ಯೂಆರ್‌ಎಲ್, ಕ್ಯೂಆರ್‌ಎಸ್‌ನಂಥ ಕ್ಯೂ ಕೋಡ್ ಗುಟ್ಟಲ್ಲ, ಲೋಕಕ್ಕೆಲ್ಲ ಗೊತ್ತಿರುವುದು.

ಇನ್ನೊಬ್ಬರ ಕಾಲ್‌ಸೈನ್ ಬಳಸಬಾರದು. ಲೈಸೆನ್ಸಿಲ್ಲದ ಗೆಳೆಯನ ಕೈಗೆ ಕೀ ಕೊಟ್ಟು ನೀವು ಕಾಫಿಗೆ ಎದ್ದು ಹೋಗಬಾರದು.

400 ವ್ಯಾಟ್ ತನಕ ಅನುಮತಿ ಇದೆಯೆಂದು ಅಷ್ಟನ್ನೂ ಸುರಿಯಬೇಡಿ. ಮೋರ್ಸ್‌ಗೆ 10 ವ್ಯಾಟ್ ಬೇಕಾದಷ್ಟಾಯಿತು. ಪಕ್ಕದ ಮನೆಯ ಅಜ್ಜಿ ಟಿವಿಯಲ್ಲಿ ಗೆರೆ ಬರುತ್ತಿದೆ ಅಂದರೆ ವಾದಕ್ಕೆ ನಿಲ್ಲಬೇಡಿ. ಪವರ್ ಇಳಿಸಿ, ಕೇಬಲ್ಲಿಗೆ ಫೆರೈಟ್ ಹಾಕಿಸಿ. ನಿಮ್ಮ ರಿಸೀವರಿನಲ್ಲಿ ಸದ್ದು ಜಾಸ್ತಿಯಾದರೂ ಊರನ್ನು ಬೈಯಬೇಡಿ. ಮೇನ್ ಸ್ವಿಚ್ ಆಫ್ ಮಾಡಿ ಬ್ಯಾಟರಿಯಲ್ಲಿ ಕೇಳಿ ನೋಡಿ. ಹೆಚ್ಚಿನ ಸಲ ಕಳ್ಳ ನಿಮ್ಮದೇ ಮನೆಯ ಎಲ್‌ಇಡಿ ಬಲ್ಬು ಅಥವಾ ಯುಪಿಎಸ್.

ಅಪಾಯದ ಕರೆ ಕೇಳಿಸಿದ ಕೂಡಲೇ ನಿಮ್ಮ ಮಾತುಕತೆ ನಿಲ್ಲಿಸಿ. ಪ್ರವಾಹ, ಭೂಕಂಪದ ಹೊತ್ತಿನಲ್ಲಿ 7.110 ಮೆಗಾಹರ್ಟ್ಸ್ ಆಸುಪಾಸು ಖಾಲಿ ಬಿಡಿ. ಯಾರಾದರೂ ನಿಮ್ಮನ್ನೇ ಕರೆಯುವವರೆಗೆ ಪೆನ್ನು ಕೈಯಲ್ಲಿರಲಿ, ಕೀ ಮುಟ್ಟಬೇಡಿ.