ಬಚ್ಚಲೊಲೆಗೆ ಹಾಕುವ ಮುನ್ನ

ನಮ್ಮ ಹಳ್ಳಿಗಳಲ್ಲಿ, ಸಣ್ಣ ಊರುಗಳಲ್ಲಿ ಅಡುಗೆಮನೆಯ ಒಲೆ ಮರೆಯಾಗಿ ಗ್ಯಾಸ್ ಬಂದು ಬಹಳ ವರ್ಷಗಳಾದವು. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಬಡವರ ಮನೆಗೂ ಸಿಲಿಂಡರ್ ತಲುಪಿತು. ಆದರೆ ಬಚ್ಚಲಿನ ಹಂಡೆಯ ಒಲೆ ಅನೇಕ ಮನೆಗಳಲ್ಲಿ ಇನ್ನೂ ಉರಿಯುತ್ತಿದೆ. ದುಬಾರಿಯಾದ ಗ್ಯಾಸನ್ನು ಸ್ನಾನದ ನೀರಿಗಾಗಿ ವ್ಯಯಿಸಲು ಯಾರಿಗೂ ಮನಸ್ಸು ಬಾರದು, ಅದು ಸಹಜವೇ. ಈ ಒಲೆಯು ಮನೆಯ ಕಸದ ಗುಂಡಿಯೂ ಆದಂದಿನಿಂದ ತೊಂದರೆ ಮೊದಲಾಯಿತು. ಹಾಲಿನ ಪ್ಯಾಕೆಟ್, ಎಣ್ಣೆಯ ಕವರ್, ಮಕ್ಕಳ ತಿಂಡಿಯ ಪೊಟ್ಟಣ, ಹರಿದ ಚಪ್ಪಲಿ, ಔಷಧಿಯ ಖಾಲಿ ಪಟ್ಟಿ ಎಲ್ಲವೂ ಅದರ ಬಾಯಿಗೆ ಹೋಗುತ್ತವೆ. ಮುಂಜಾನೆ ಹಸಿ ಸೌದೆ ಹೊತ್ತದಿದ್ದಾಗ ಎರಡು ಪ್ಲಾಸ್ಟಿಕ್ ಕವರಿಗೆ ಕಡ್ಡಿ ಗೀರಿದರೆ ಬೆಂಕಿ ಕ್ಷಣದಲ್ಲಿ ಹಿಡಿಯುತ್ತದೆ. ಆಗ ಏಳುವ ಕಪ್ಪು ಹೊಗೆಯನ್ನು ಮೊದಲು ಕುಡಿಯುವವಳು ಒಲೆಯ ಮುಂದೆ ಕುಳಿತು ಊದುವ ತಾಯಿ.

ಇದನ್ನು ಅನ್ಯರ ಮನೆಯ ಕಥೆಯಾಗಿ ಬರೆಯುತ್ತಿಲ್ಲ. ನನ್ನ ತಾಯಿಯವರು ಕಡೆಯ ಏಳೆಂಟು ವರ್ಷ ಶ್ವಾಸದಿಂದ ಬಳಲಿದರು. ನಾನು ವೈದ್ಯ; ಆಡುಸೋಗೆ, ಹಿಪ್ಪಲಿ, ನೆಲಗುಳ್ಳ ಎಂದು ಶಾಸ್ತ್ರೋಕ್ತವಾಗಿಯೇ ಔಷಧಿ ಕೊಟ್ಟೆ. ಬೇಸಿಗೆಯಲ್ಲಿ ಒಂದಿಷ್ಟು ಹಗುರವಾಗುತ್ತಿದ್ದ ಬಾಧೆ ಚಳಿಗಾಲದಲ್ಲಿ ಮತ್ತೆ ಮರುಕಳಿಸುತ್ತಿತ್ತು. ನಾನು ಚಳಿಯನ್ನು ದೂರುತ್ತಿದ್ದೆ. ಚಳಿಗಾಲದಲ್ಲಿ ಅವರು ಮೈ ಕಾಯಿಸಿಕೊಳ್ಳಲೆಂದು ಬಚ್ಚಲೊಲೆಯ ಮುಂದೆಯೇ ಗಂಟೆಗಟ್ಟಲೆ ಕೂರುತ್ತಿದ್ದರು. ನನ್ನ ಚಿಕಿತ್ಸಾಲಯದ ಖಾಲಿ ಡಬ್ಬಿ, ಪ್ಲಾಸ್ಟಿಕ್ ಚೀಲಗಳನ್ನು ಪ್ರತಿ ಸಂಜೆ ಮನೆಗೆ ತಂದು ಆ ಒಲೆಯ ಪಕ್ಕದಲ್ಲಿ ಇಡುತ್ತಿದ್ದವನು ನಾನೇ. ಅದೊಂದೇ ಅವರ ರೋಗಕ್ಕೆ ಕಾರಣವೆಂದು ಹೇಳಲಾರೆ. ನಾಲ್ಕು ದಶಕ ಸೌದೆಯ ಹೊಗೆಯಲ್ಲಿ ಅಡುಗೆ ಮಾಡಿದ ಜೀವವದು. ಆದರೆ ರೋಗಕ್ಕೆ ಔಷಧಿ ಕೊಡುತ್ತಾ ಅದಕ್ಕೆ ಸೌದೆಯನ್ನೂ ಒದಗಿಸುತ್ತಿದ್ದೆನೆಂಬುದು ಅವರು ತೀರಿದ ನಂತರ, ಆ ಒಲೆಯ ಬೂದಿ ತೆಗೆಯುವಾಗ ನನಗೆ ಹೊಳೆಯಿತು.

ಹೊಳೆಯಬೇಕಾದುದು ಓದಿನಲ್ಲಿಯೇ ಇತ್ತು. ಚರಕ ಸಂಹಿತೆಯ ಚಿಕಿತ್ಸಾಸ್ಥಾನವು ಶ್ವಾಸರೋಗದ ಕಾರಣಗಳನ್ನು ಎಣಿಸುವಾಗ ಧೂಳು, ಹೊಗೆ, ಗಾಳಿಗಳನ್ನು ಮೊದಲಿಗೆ ಹೇಳುತ್ತದೆ. ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಆತ್ರೇಯರು ಗಂಗಾತೀರದ ಕಾಂಪಿಲ್ಯದಲ್ಲಿ ಶಿಷ್ಯ ಅಗ್ನಿವೇಶನಿಗೆ, ಇಡೀ ಜನಪದವೇ ಏಕಕಾಲಕ್ಕೆ ರೋಗಕ್ಕೆ ತುತ್ತಾಗುವುದು ವಾಯು, ಜಲ, ದೇಶ, ಕಾಲಗಳು ಕೆಟ್ಟಾಗ ಎಂದು ವಿವರಿಸುತ್ತಾರೆ. ಕೆಟ್ಟ ವಾಯುವಿನ ಲಕ್ಷಣಗಳಲ್ಲಿ ಒಗ್ಗದ ವಾಸನೆಯೂ ಹೊಗೆಯೂ ಸೇರಿವೆ. ಕೆಲವರು ನನ್ನನ್ನು ಕೆಣಕುವುದುಂಟು: ನಿಮ್ಮ ಆಯುರ್ವೇದದಲ್ಲೇ ಧೂಮಪಾನ ಚಿಕಿತ್ಸೆ ಇದೆಯಲ್ಲ ಎಂದು. ಇದೆ. ಅದು ಗೊತ್ತಾದ ಮೂಲಿಕೆಗಳಿಂದ, ಅಳತೆಯಲ್ಲಿ, ಕೆಲವೇ ಸಂದರ್ಭಗಳಲ್ಲಿ ಮಾಡುವಂಥದು. ಚಪ್ಪಲಿಯ ಹೊಗೆಗೆ ಅಲ್ಲಿ ವಿಧಿಯಿಲ್ಲ.

ಹಾಲಿನ ಪ್ಯಾಕೆಟ್ ಪಾಲಿಥೀನಿನದು. ಒಲೆಯ ಅರೆಬರೆ ಉರಿಯಲ್ಲಿ ಅದು ಮಸಿಯನ್ನೂ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನೂ ಕಾರುತ್ತದೆ. ಇದಕ್ಕಿಂತ ಕೆಟ್ಟದ್ದು ಪಿವಿಸಿ, ಅಂದರೆ ನೀರಿನ ಪೈಪು, ವಿದ್ಯುತ್ ತಂತಿಯ ಹೊದಿಕೆ, ಜಾತ್ರೆ ಚುನಾವಣೆಗಳಲ್ಲಿ ಕಟ್ಟುವ ಫ್ಲೆಕ್ಸ್ ಬ್ಯಾನರು. ಅದರಲ್ಲಿ ಕ್ಲೋರಿನ್ ಇದೆ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊರಬಂದು ಗಂಟಲು ಶ್ವಾಸನಾಳಗಳ ತೇವದಲ್ಲಿ ಕರಗಿ ಆಮ್ಲವಾಗುತ್ತದೆ. ಜೊತೆಗೆ ಡಯಾಕ್ಸಿನ್ ಎಂಬ ವಿಷಗಳೂ ಹುಟ್ಟುತ್ತವೆ. ಅವುಗಳಲ್ಲಿ ಅತ್ಯಂತ ಉಗ್ರವಾದುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1997ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಡಯಾಕ್ಸಿನ್ ನಾಶವಾಗಲು 850 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಸ್ಥಿರವಾದ ಉರಿ ಬೇಕು. ಹಂಡೆಯ ಒಲೆಯಲ್ಲಿ ಅದು ಸಾಧ್ಯವಿಲ್ಲ. ಹೊಗೆಯೊಡನೆ ಹೋದ ಡಯಾಕ್ಸಿನ್ ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲು ಮೇಯ್ದ ಹಸುವಿನ ಕೊಬ್ಬಿನಲ್ಲಿ ಸಂಗ್ರಹವಾಗಿ ಹಾಲಿನ ಮೂಲಕ ಮರಳಿ ಮನೆಗೇ ಬರುತ್ತದೆ.

ಬೂದಿಯ ಮಾತನ್ನು ಯಾರೂ ಆಡುವುದಿಲ್ಲ. ಸೌದೆಯ ಬೂದಿಯಿಂದ ಪಾತ್ರೆ ತಿಕ್ಕುವುದು, ಅದನ್ನು ಬದನೆ ಮೆಣಸಿನ ಗಿಡಗಳಿಗೆ ಎರಚುವುದು ನಮ್ಮ ಹಿರಿಯರ ಒಳ್ಳೆಯ ರೂಢಿ. ಆದರೆ ಪ್ಲಾಸ್ಟಿಕ್ಕಿನ ಬಣ್ಣಗಳಲ್ಲಿಯೂ ತಂತಿಯ ಹೊದಿಕೆಗಳಲ್ಲಿಯೂ ಸೀಸದಂಥ ಲೋಹಗಳಿರಬಹುದು. ಲೋಹವು ಸುಟ್ಟರೂ ನಾಶವಾಗದೆ ಬೂದಿಯಲ್ಲಿ ಉಳಿಯುತ್ತದೆ. ಅಂಥ ಬೂದಿ ತಟ್ಟೆಗೂ ತರಕಾರಿಗೂ ಸಲ್ಲದು. ಒಲೆಯನ್ನು ಶುದ್ಧವಾಗಿಟ್ಟುಕೊಂಡವರಿಗೆ ಮಾತ್ರ ಹಳೆಯ ರೂಢಿಯ ಲಾಭ.

ಹಾಗಾದರೆ ಕಸ ಎಲ್ಲಿಗೆ ಹೋಗಬೇಕು? ಹಸಿಕಸ ಹೊರಗೆ ಹೋಗಲೇಬೇಕಾಗಿಲ್ಲ. ಹಿತ್ತಲಿದ್ದವರು ಎರಡು ಗುಂಡಿ ತೋಡಿ, ಸಿಪ್ಪೆ ಎಂಜಲುಗಳ ಮೇಲೆ ಪ್ರತಿ ಸಲ ಒಣಎಲೆ ಅಥವಾ ಮಣ್ಣು ಹರಡುತ್ತಾ ಬಂದರೆ ವಾಸನೆಯಾಗಲಿ ನೊಣವಾಗಲಿ ಇರುವುದಿಲ್ಲ. ಒಂದು ತುಂಬಿದ ಮೇಲೆ ಮತ್ತೊಂದು. ಮೂರು ನಾಲ್ಕು ತಿಂಗಳಲ್ಲಿ ಮೊದಲನೆಯದು ಗೊಬ್ಬರವಾಗಿರುತ್ತದೆ. ಹಿತ್ತಲಿಲ್ಲದವರಿಗೆ ತಳದಲ್ಲಿ ತೂತಿರುವ ಹಳೆಯ ಮಣ್ಣಿನ ಮಡಕೆ ಸಾಕು. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡದೆ ಅಂಟಿಕೊಂಡಿರುವಂತೆ ಬಿಟ್ಟು, ತೊಳೆದು, ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿರಿ. ತೊಳೆಯದ ಪ್ಯಾಕೆಟ್ ಎರಡು ದಿನಕ್ಕೆ ನಾರುವುದರಿಂದಲೇ ಅದನ್ನು ಸುಡುವ ಆತುರ ನಮಗೆ ಹುಟ್ಟುತ್ತದೆ. ಒಣಕಸವನ್ನು ಪಂಚಾಯಿತಿಯ ಗಾಡಿಗೆ ಕೊಡಬೇಕು. ಹಲವು ಗ್ರಾಮ ಪಂಚಾಯಿತಿಗಳಲ್ಲಿ ಈಗ ಸ್ವಚ್ಛ ಸಂಕೀರ್ಣಗಳು ನಡೆಯುತ್ತಿವೆ. ಒಳಗೆ ಬೆಳ್ಳಿಯಂತೆ ಹೊಳೆಯುವ ತಿಂಡಿಯ ಪೊಟ್ಟಣಗಳನ್ನು ಮರುಬಳಕೆ ಮಾಡುವುದು ಕಷ್ಟ. ಕೊಳ್ಳುವುದನ್ನೇ ಕಡಿಮೆ ಮಾಡಿ ಅಂಗಡಿಯ ಕುರುಕಲಿನ ಬದಲು ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಹಾಕಿದರೆ ಮಕ್ಕಳ ಹೊಟ್ಟೆಗೂ ಹಿತ.

ಸಂಕೋಚದ ವಿಷಯವೊಂದನ್ನು ವೈದ್ಯನಾಗಿ ಹೇಳಿಬಿಡುತ್ತೇನೆ. ಯಾರ ಕಣ್ಣಿಗೂ ಬೀಳದಿರಲೆಂದು ಹೆಣ್ಣುಮಕ್ಕಳು ಮುಟ್ಟಿನ ಪ್ಯಾಡುಗಳನ್ನು ಇದೇ ಒಲೆಗೆ ಹಾಕುತ್ತಾರೆ. ಅವುಗಳಲ್ಲಿಯೂ ಪ್ಲಾಸ್ಟಿಕ್ ಇದೆ. ಮೆತ್ತನೆಯ ಹತ್ತಿ ಬಟ್ಟೆಯನ್ನು ಸೋಪಿನಲ್ಲಿ ಒಗೆದು ನೇರ ಬಿಸಿಲಿನಲ್ಲಿ ಒಣಗಿಸಿ ಬಳಸಬಹುದು. ಬಿಸಿಲಿನಲ್ಲಿ ಎಂಬುದೇ ಮುಖ್ಯ. ಮಂಚದ ಕೆಳಗೆ, ಸೀರೆಯ ಮರೆಯಲ್ಲಿ ಒಣಗಿಸಿದರೆ ಸೋಂಕು ತಪ್ಪುವುದಿಲ್ಲ. ಆ ಬಟ್ಟೆಗೆ ಮನೆಯ ಹಗ್ಗದ ಮೇಲೆ ಒಂದು ಜಾಗ ಕೊಡುವ ಔದಾರ್ಯವನ್ನು ಗಂಡಸರು ತೋರಬೇಕು. ಪ್ಯಾಡನ್ನೇ ಬಳಸುವವರು ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿ ಗಾಡಿಗೆ ಕೊಡಲಿ.

ಇನ್ನು ಉರುವಲು. ಬೆಂಕಿ ಹೊತ್ತಿಸಲು ತೆಂಗಿನ ಒಣಗರಿ, ನಾರು, ತೊಗರಿಕಟ್ಟಿಗೆ, ಕುಳ್ಳು ಇವುಗಳ ಒಂದು ಬುಟ್ಟಿ ಮಳೆ ತಾಗದ ಕಡೆ ಸಿದ್ಧವಿರಲಿ. ಸೌದೆ ಒಣಗಿದ್ದರೆ ಅರ್ಧ ಹೊಗೆ ತಾನಾಗಿಯೇ ಕಡಿಮೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ತಂದರು. ಕಡಿಮೆ ಸೌದೆ, ಮನೆಯಿಂದ ಹೊರಗೆ ಹೊಗೆ. ಸಾಮಾನ್ಯ ಒಲೆಗೂ ಕೊಳವೆ ಕೂರಿಸಬಹುದು, ವರ್ಷಕ್ಕೆರಡು ಸಲ ಮಸಿ ತೆಗೆಯಬೇಕು. ಅನುಕೂಲವಿದ್ದವರು ಸೌರಹಂಡೆ ಹಾಕಿಸಲಿ. ಗ್ಯಾಸ್ ಗೀಸರ್ ಹಾಕಿಸುವವರು ಅದನ್ನು ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿಯೇ ಇಡಿಸಬೇಕು. ಮುಚ್ಚಿದ ಬಚ್ಚಲಿನಲ್ಲಿ ಅದರ ಅನಿಲದಿಂದ ಪ್ರಾಣಗಳೇ ಹೋಗಿವೆ.

ನೀರನ್ನು ಕುದಿಸುವ ಅಗತ್ಯವಾದರೂ ಏನು? ಕತ್ತಿನ ಕೆಳಗೆ ಬಿಸಿನೀರು ಬಲವನ್ನು ಕೊಡುತ್ತದೆ, ತಲೆಗೆ ಸುರಿದರೆ ಕಣ್ಣು ಕೂದಲುಗಳ ಬಲವನ್ನು ಕುಂದಿಸುತ್ತದೆ ಎಂಬುದು ಅಷ್ಟಾಂಗ ಹೃದಯದ ಮತ. ತಲೆಗೆ ಉಗುರುಬೆಚ್ಚಗೆ, ಮೈಗೆ ಹಿತವಾದಷ್ಟು ಸಾಕು. 20 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು ಅರ್ಧ ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಕುದಿಸಿ, ಬಳಿಕ ತಣ್ಣೀರು ಬೆರೆಸುವಾಗ ನಡುವೆ ಆವಿಯಾಗಿ ಹೋಗುವುದೆಲ್ಲ ವ್ಯರ್ಥ ಸೌದೆ. ಬಚ್ಚಲ ನೀರು ಬಾಳೆಯ ಬುಡಕ್ಕೋ ಕೆಸುವಿನ ಪಾತಿಗೋ ಹರಿಯಲಿ, ನಿಂತು ಸೊಳ್ಳೆಗೆ ಮನೆಯಾಗದಿರಲಿ.

ಕೆಮ್ಮೆಂದು ಬರುವವರನ್ನು ಈಗ ನಾನು ನಾಡಿ ಹಿಡಿಯುವ ಮೊದಲೇ ಕೇಳುತ್ತೇನೆ, ಮನೆಯಲ್ಲಿ ಒಲೆ ಹೊತ್ತಿಸುವವರು ಯಾರು, ಯಾವುದರಿಂದ ಎಂದು. ಉತ್ತರ ಸಿಗಲು ಕೆಲವೊಮ್ಮೆ ಎರಡು ಭೇಟಿ ಬೇಕಾಗುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಹೊಗೆಯನ್ನಷ್ಟೇ ದೂರಿ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಉಚಿತವಾಗಿ ನಡೆಯುತ್ತದೆ, ಮೊದಲು ಕ್ಷಯವಿಲ್ಲವೆಂದು ಖಚಿತಪಡಿಸಿಕೊಂಡು ನಂತರ ಕಷಾಯಕ್ಕೆ ಬನ್ನಿ.