ಟೀ ಶರ್ಟ್ ಬಿಟ್ಟು ಇನ್ನೇನು ಸಿಕ್ತು? ಆ್ಯಪ್ ಡೆವಲಪರ್ ಸಮ್ಮೇಳನದಲ್ಲಿ ಕಲಿತ ಐದು ಪಾಠಗಳು

ಕಳೆದ ಸೆಮಿಸ್ಟರ್ ರಜೆಯಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಮೊಬೈಲ್ ಆ್ಯಪ್ ಡೆವಲಪರ್ ಸಮ್ಮೇಳನಕ್ಕೆ ನಾವು ಮೂವರು ಹೋಗಿದ್ವಿ. ವಾಪಸ್ ಬಂದಾಗ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳಿದ ಮೊದಲ ಪ್ರಶ್ನೆ, "ಟೀ ಶರ್ಟ್ ಸಿಕ್ತಾ?" ಸಿಕ್ತು. ಆದರೆ ನಿಜವಾಗಿ ಸಿಕ್ಕಿದ್ದು ಬೇರೆ. ಅದನ್ನು ಹೇಳೋಕೆ ಈ ಲೇಖನ.

ನಮ್ಮೂರ ಹಾಲಿನ ಡೈರಿಯಲ್ಲಿ ನಮ್ಮ ಚಿಕ್ಕಪ್ಪ ಕಾರ್ಯದರ್ಶಿ. ದಿನಕ್ಕೆ ಎರಡು ಹೊತ್ತು ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು ಅಂತ ಬರೆದಿಡೋಕೆ ಮಿನಿ ಪ್ರಾಜೆಕ್ಟ್‌ನಲ್ಲಿ ಒಂದು ಆ್ಯಂಡ್ರಾಯ್ಡ್ ಆ್ಯಪ್ ಮಾಡಿದ್ದೆ. ಕಾಲೇಜಿನಲ್ಲಿ ಒಳ್ಳೆ ಮಾರ್ಕ್ಸ್ ಬಂತು. ಊರಲ್ಲಿ ಎರಡೇ ದಿನ ಓಡಿತು. ಮೂರನೇ ದಿನ ಚಿಕ್ಕಪ್ಪ, "ನಿನ್ನ ಆ್ಯಪ್‌ಗಿಂತ ನನ್ನ ನೋಟ್‌ಬುಕ್ಕೇ ವಾಸಿ ಕಣೋ" ಅಂದುಬಿಟ್ಟರು. ಎರಡು ಮನೆಯವರ ಹಾಲಿನ ಲೆಕ್ಕ ಮಾಯವಾಗಿತ್ತು. ನಮಗೆ ಅದು ಡೇಟಾ. ಹಾಲು ಹಾಕಿದವರಿಗೆ ದುಡ್ಡು.

ಸಮ್ಮೇಳನದಲ್ಲಿ ನಮ್ಮ ಆ್ಯಪ್ ತೋರಿಸಿ ಸಲಹೆ ಕೇಳೋಕೆ ಒಂದು ಟೇಬಲ್ ಇತ್ತು. ಅಲ್ಲಿ ಕೂತಿದ್ದ ಸೀನಿಯರ್ ಡೆವಲಪರ್ ಮೇಡಂ ನನ್ನ ಫೋನ್ ತಗೊಂಡು ಮೊದಲು ಏರೋಪ್ಲೇನ್ ಮೋಡ್ ಹಾಕಿದರು. "ಈಗ ಹಾಲು ಬರೀರಿ, ನೋಡೋಣ" ಅಂದರು. ಪಾಠ ಅಲ್ಲಿಂದ ಶುರು.

ಪಾಠ 1: ನೆಟ್‌ವರ್ಕ್ ಇಲ್ಲ ಅಂದುಕೊಂಡೇ ಬರೆಯಿರಿ

ನನ್ನ ಆ್ಯಪ್ ಸೇವ್ ಒತ್ತಿದ ತಕ್ಷಣ "ಉಳಿಸಲಾಗಿದೆ" ಅಂತ ತೋರಿಸುತ್ತಿತ್ತು. ಸರ್ವರ್ ಉತ್ತರ ಕೊಡುವವರೆಗೂ ಕಾಯುತ್ತಲೇ ಇರಲಿಲ್ಲ. ಊರಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತೆ. ಮೊದಲನೇ ಲೆಕ್ಕ ಹೋಗಿದ್ದು ಹೀಗೆ. ಸರಿಯಾದ ಕ್ರಮ ಇದು: ಮೊದಲು ಫೋನ್‌ನಲ್ಲೇ ಉಳಿಸಬೇಕು (ಎಸ್‌ಕ್ಯೂಲೈಟ್ ಮೇಲೆ ಕೆಲಸ ಮಾಡುವ ರೂಮ್ ಲೈಬ್ರರಿ ಇದಕ್ಕೇ ಇದೆ), ಆಮೇಲೆ ನೆಟ್‌ವರ್ಕ್ ಬಂದಾಗ ವರ್ಕ್‌ಮ್ಯಾನೇಜರ್ ಮೂಲಕ ಸರ್ವರ್‌ಗೆ ಕಳಿಸಬೇಕು. ಪ್ರತಿ ಎಂಟ್ರಿಗೂ ಫೋನ್‌ನಲ್ಲೇ ಒಂದು ಯುಯುಐಡಿ ಕೊಡಿ, ಸರ್ವರ್ ಅದನ್ನು ನೋಡಿ ಪರಿಶೀಲಿಸಲಿ. ಇಲ್ಲದಿದ್ದರೆ ಒಂದೇ ಎಂಟ್ರಿ ಎರಡು ಸಲ ಹೋಗಿ ಐದು ಲೀಟರ್ ಹತ್ತು ಲೀಟರ್ ಆಗುತ್ತೆ.

ಪಾಠ 2: ನಿಮ್ಮ ಆ್ಯಪ್ ಯಾವಾಗ ಬೇಕಾದರೂ ಸಾಯಬಹುದು

ಎರಡನೇ ಲೆಕ್ಕ ಟೈಪ್ ಮಾಡುವಾಗ ಚಿಕ್ಕಪ್ಪನಿಗೆ ಫೋನ್ ಬಂದಿತ್ತು. ಮಾತಾಡಿ ವಾಪಸ್ ಬರುವಷ್ಟರಲ್ಲಿ ಫಾರ್ಮ್ ಖಾಲಿ. 2 ಜಿಬಿ ರ‍್ಯಾಮ್‌ನ ಫೋನ್‌ನಲ್ಲಿ ಹಿಂದೆ ಸರಿದ ಆ್ಯಪ್‌ನ ಪ್ರೋಸೆಸ್ಸನ್ನು ಸಿಸ್ಟಂ ಕೊಂದುಹಾಕಬಹುದು. ಸ್ಕ್ರೀನ್ ತಿರುಗಿಸಿದರೆ ಆಕ್ಟಿವಿಟಿ ನಾಶವಾಗಿ ಹೊಸದಾಗಿ ಹುಟ್ಟುತ್ತೆ. ಅದನ್ನು ತಡೆದುಕೊಳ್ಳೋಕೆ ವ್ಯೂಮಾಡೆಲ್ ಸಾಕು. ಆದರೆ ಪ್ರೋಸೆಸ್ಸೇ ಸತ್ತರೆ ವ್ಯೂಮಾಡೆಲ್ ಕೂಡ ಉಳಿಯಲ್ಲ, ಸೇವ್ಡ್‌ಸ್ಟೇಟ್‌ಹ್ಯಾಂಡಲ್ ಬೇಕು. ಈ ವ್ಯತ್ಯಾಸ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ನನಗಂತೂ ಗೊತ್ತಿರಲಿಲ್ಲ.

ಪರೀಕ್ಷೆ ಮಾಡೋದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆಯಿರಿ. "ಡೋಂಟ್ ಕೀಪ್ ಆಕ್ಟಿವಿಟೀಸ್" ಆನ್ ಮಾಡಿ, ನಿಮ್ಮ ಆ್ಯಪ್‌ನಲ್ಲಿ ಅರ್ಧ ಫಾರ್ಮ್ ತುಂಬಿ, ಹೋಮ್ ಒತ್ತಿ ವಾಪಸ್ ಬನ್ನಿ. ಬರೆದದ್ದು ಇದ್ಯಾ?

ಪಾಠ 3: ಕನ್ನಡದ ಅಕ್ಷರ ಬೇರೆ, ಕಂಪ್ಯೂಟರ್‌ನ ಅಕ್ಷರ ಬೇರೆ

ಲಿಸ್ಟ್ ಚೆನ್ನಾಗಿ ಕಾಣಲಿ ಅಂತ ಹೆಸರುಗಳನ್ನು 8 ಅಕ್ಷರಕ್ಕೆ ಕತ್ತರಿಸಿದ್ದೆ. ಆಗ "ಲಕ್ಷ್ಮಮ್ಮ" ಹೋಗಿ "ಲಕ್ಷ್ಮಮ್" ಆಯಿತು. ನಮ್ಮ ಕಣ್ಣಿಗೆ ಅದು ಮೂರೇ ಅಕ್ಷರ: ಲ, ಕ್ಷ್ಮ, ಮ್ಮ. ಯೂನಿಕೋಡ್‌ನಲ್ಲಿ ಒತ್ತಕ್ಷರ ಅಂತ ಪ್ರತ್ಯೇಕ ಸಂಕೇತ ಇಲ್ಲ. ವ್ಯಂಜನ, ಹಲಂತ, ಮತ್ತೆ ವ್ಯಂಜನ ಅಂತ ಸಾಲಾಗಿ ಇರುತ್ತೆ. ಹಾಗಾಗಿ ಲಕ್ಷ್ಮಮ್ಮನ ಲೆಂತ್ 9. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್‌ನಂತೆ 27 ಬೈಟ್. ಕತ್ತರಿಸುವ ಕೆಲಸವನ್ನು ಟೆಕ್ಸ್ಟ್‌ವ್ಯೂನ ಎಲಿಪ್ಸೈಜ್‌ಗೇ ಬಿಟ್ಟುಬಿಡಿ.

ಎಸ್‌ಎಂಎಸ್ ಕಳಿಸುವಾಗಲೂ ಇದೇ ಕತೆ. ಬರೀ ಇಂಗ್ಲಿಷ್ ಇದ್ದರೆ ಒಂದು ಮೆಸೇಜಿಗೆ 160 ಅಕ್ಷರ. ಕನ್ನಡ ಸೇರಿದರೆ 70 ಮಾತ್ರ, ಅದರಲ್ಲಿ ಲಕ್ಷ್ಮಮ್ಮನ ಹೆಸರಿಗೇ 9 ಹೋಗುತ್ತೆ. ಬಜೆಟ್ ಹಾಕುವಾಗ ನೆನಪಿರಲಿ.

ಪಾಠ 4: ಮೇನ್ ಥ್ರೆಡ್‌ಗೆ ಭಾರ ಹೊರಿಸಬೇಡಿ

60 ಹರ್ಟ್ಸ್ ಸ್ಕ್ರೀನ್‌ನಲ್ಲಿ ಒಂದು ಫ್ರೇಮ್‌ಗೆ ಸಿಗೋದು ಸುಮಾರು 16 ಮಿಲಿಸೆಕೆಂಡ್. ಬೆರಳು ಒತ್ತಿದ್ದಕ್ಕೆ 5 ಸೆಕೆಂಡ್ ಒಳಗೆ ಆ್ಯಪ್ ಪ್ರತಿಕ್ರಿಯಿಸದಿದ್ದರೆ ಆ್ಯಂಡ್ರಾಯ್ಡ್ "ಆ್ಯಪ್ ಸ್ಪಂದಿಸುತ್ತಿಲ್ಲ" ಅನ್ನುತ್ತೆ. ನಾನು ತಿಂಗಳ ಲೆಕ್ಕದ ಪಿಡಿಎಫ್ ಅನ್ನು ಮೇನ್ ಥ್ರೆಡ್‌ನಲ್ಲೇ ಮಾಡಿಸುತ್ತಿದ್ದೆ. ನನ್ನ ಹೊಸ ಫೋನ್‌ನಲ್ಲಿ ಗೊತ್ತೇ ಆಗಿರಲಿಲ್ಲ. ಕೊರೂಟೀನ್ ಬಳಸಿ ಅದನ್ನು ಹಿನ್ನೆಲೆಗೆ ಕಳಿಸಿದೆ. ಇದಕ್ಕಿಂತ ದೊಡ್ಡ ಪಾಠ: ನಿಮ್ಮ ಫೋನ್‌ನಲ್ಲಿ ಅಲ್ಲ, ಬಳಸುವವರ ಫೋನ್‌ನಲ್ಲಿ ಟೆಸ್ಟ್ ಮಾಡಿ.

ಪಾಠ 5: ಸಮ್ಮೇಳನಕ್ಕೆ ಹೋಗುವುದೂ ಒಂದು ಕಲೆ

ಮೊದಲ ದಿನ ಒಂದು ಹಾಲ್‌ನಿಂದ ಇನ್ನೊಂದಕ್ಕೆ ಓಡಾಡಿ ಆರು ಭಾಷಣ ಕೇಳಿದೆ. ಸಂಜೆಗೆ ಒಂದೂ ತಲೆಯಲ್ಲಿ ಇರಲಿಲ್ಲ. ಎರಡನೇ ದಿನ ಎರಡೇ ಭಾಷಣ, ಉಳಿದ ಹೊತ್ತು ಜನರ ಜೊತೆ ಮಾತು. ಭಾಷಣಗಳ ವಿಡಿಯೋ ಎಷ್ಟೋ ಸಲ ಆಮೇಲೂ ಸಿಗುತ್ತೆ. ನಿಮ್ಮ ಕೋಡ್ ನೋಡಿ ಬೈಯುವವರು ಸಿಗಲ್ಲ. ಆದ್ದರಿಂದ ಕೈಯಲ್ಲಿ ಕೆಲಸ ಮಾಡುವ (ಅಥವಾ ಕೆಟ್ಟುಹೋದ) ಒಂದು ಆ್ಯಪ್ ಇಟ್ಟುಕೊಂಡು ಹೋಗಿ. ಮೂರು ಪ್ರಶ್ನೆ ಬರೆದುಕೊಂಡು ಹೋಗಿ. ಇಂಗ್ಲಿಷ್ ಸರಿಯಾಗಿ ಬರಲ್ಲ ಅಂತ ಹಿಂಜರಿಯಬೇಡಿ. ನಾನು ತಡವರಿಸಿದ್ದು ನೋಡಿ ಆ ಮೇಡಂ, "ಕನ್ನಡದಲ್ಲೇ ಹೇಳಿ, ಪರವಾಗಿಲ್ಲ" ಅಂದಿದ್ದರು. ಆಮೇಲೆ ಅರ್ಧ ಗಂಟೆ ಮಾತು ನಿಲ್ಲಲಿಲ್ಲ.

ಊರಿಗೆ ಹೋಗಿ ಹೊಸ ವರ್ಷನ್ ಹಾಕಿಕೊಟ್ಟೆ. ಹಾಕುವ ಮುಂಚೆ, ಹಿಂದೆ ತಪ್ಪಿದ್ದ ಎರಡು ಮನೆಗೂ ಹೋಗಿ ಲೆಕ್ಕ ಕೇಳಿ ಬರೆದುಕೊಂಡು ಬಂದೆ. ಚಿಕ್ಕಪ್ಪ ಈಗಲೂ ನೋಟ್‌ಬುಕ್ ಬಿಟ್ಟಿಲ್ಲ. ಎರಡರಲ್ಲೂ ಬರೆದು ದಿನಾ ತಾಳೆ ನೋಡುತ್ತಾರೆ. ಇದುವರೆಗೂ ವ್ಯತ್ಯಾಸ ಬಂದಿಲ್ಲ ಅಂತ ಮೊನ್ನೆ ಫೋನ್‌ನಲ್ಲಿ ಹೇಳಿದರು. ಅವರಾಗಿಯೇ ನೋಟ್‌ಬುಕ್ ಮುಚ್ಚುವ ದಿನ ನನ್ನ ಪ್ರಾಜೆಕ್ಟ್ ಮುಗಿದ ಹಾಗೆ.

ನಿಮ್ಮ ಮಿನಿ ಪ್ರಾಜೆಕ್ಟ್ ಫೋನ್‌ನಲ್ಲಿ ಇದೆಯಲ್ವಾ? ಇವತ್ತೇ ಏರೋಪ್ಲೇನ್ ಮೋಡ್ ಹಾಕಿ ಒಮ್ಮೆ ತೆರೆದು ನೋಡಿ.